ತಂದೆಯವರ ನಿಧನದ ನಂತರ ಬ್ಯಾಂಕ್ ಖಾತೆಗಳ ಇತ್ಯರ್ಥ: ಯಾವ ಖಾತೆಗೆ ಯಾವ ದಾಖಲೆ?

ವಿಜಯನಗರದ ಓದುಗರು:

ಮಾನ್ಯರೇ, ನಮ್ಮ ತಂದೆಯವರು ಕಳೆದ ತಿಂಗಳು ತೀರಿಕೊಂಡರು. ಸರ್ಕಾರಿ ಪ್ರೌಢಶಾಲೆಯಲ್ಲಿ ಶಿಕ್ಷಕರಾಗಿದ್ದು ನಿವೃತ್ತರಾದವರು. ಉಳಿತಾಯವನ್ನೆಲ್ಲ ಒಂದೇ ಕಡೆ ಇಡಬಾರದೆಂದು ನಾಲ್ಕಾರು ಕಡೆ ಹಂಚಿಟ್ಟಿದ್ದರು. ವೈಕುಂಠ ಸಮಾರಾಧನೆ ಮುಗಿದ ಮೇಲೆ ಅವರ ಬೀರುವಿನಲ್ಲಿದ್ದ ಕಾಗದಪತ್ರಗಳನ್ನು ತೆಗೆದು ನೋಡಿದಾಗ ಸಿಕ್ಕಿದ್ದು ಇಷ್ಟು: ಅಮ್ಮನೊಂದಿಗೆ ಜಂಟಿಯಾಗಿದ್ದ, ಪಿಂಚಣಿ ಜಮೆಯಾಗುತ್ತಿದ್ದ ಉಳಿತಾಯ ಖಾತೆ, ಇನ್ನೊಂದು ಬ್ಯಾಂಕಿನಲ್ಲಿ ಅವರೊಬ್ಬರ ಹೆಸರಿನಲ್ಲಿದ್ದು ನಾಮಿನಿಯೇ ಇಲ್ಲದ, ಒಟ್ಟು ಸುಮಾರು ಒಂಬತ್ತು ಲಕ್ಷ ರೂಪಾಯಿಯ ಎಫ್‌ಡಿಗಳು, ಅಮ್ಮನನ್ನು ನಾಮಿನಿ ಮಾಡಿದ್ದ ಪಟ್ಟಣ ಸಹಕಾರಿ ಬ್ಯಾಂಕಿನ ಠೇವಣಿ, ಒಂದು ಸೌಹಾರ್ದ ಸಹಕಾರಿಯ ಠೇವಣಿ ರಸೀದಿ, ಒಂದು ಲಾಕರಿನ ಕೀಲಿ, ಮತ್ತು ಸ್ಟೇಟ್ ಬ್ಯಾಂಕ್ ಆಫ್ ಮೈಸೂರಿನ ಹಳೆಯ ಪಾಸ್‌ಬುಕ್.

ಎಫ್‌ಡಿ ಇರುವ ಬ್ಯಾಂಕಿನ ಶಾಖೆಯಲ್ಲಿ ವಿಚಾರಿಸಿದಾಗ, ನಾಮಿನಿ ಇಲ್ಲದ್ದರಿಂದ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ತರಲೇಬೇಕೆಂದು ಬಾಯಿಮಾತಿನಲ್ಲಿ ಹೇಳಿದರು. ಮನೆಯಲ್ಲಿ ಅಮ್ಮ, ನಾನು, ಕೆನಡಾದಲ್ಲಿರುವ ಅಣ್ಣ ಮತ್ತು ಮದುವೆಯಾಗಿ ಹಾಸನದಲ್ಲಿರುವ ಅಕ್ಕ ಇದ್ದೇವೆ. ತಂದೆಯವರ ತಾಯಿ, ನಮ್ಮ ಅಜ್ಜಿ, ಕುಣಿಗಲ್ ಕಡೆಯ ಊರಿನಲ್ಲಿ ಚಿಕ್ಕಪ್ಪನ ಮನೆಯಲ್ಲಿದ್ದಾರೆ. ನಮ್ಮಲ್ಲಿ ಯಾವ ತಕರಾರೂ ಇಲ್ಲ. ಹಾಗಿದ್ದೂ ನ್ಯಾಯಾಲಯಕ್ಕೆ ಹೋಗುವುದು ಅನಿವಾರ್ಯವೇ? ಎಲ್ಲಿಂದ ಆರಂಭಿಸಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ರಾಜಾಜಿನಗರದ ಓದುಗರು:

ನಿಮ್ಮ ದುಃಖದಲ್ಲಿ ನಾನೂ ಭಾಗಿ. ತಂದೆಯವರ ಎಟಿಎಂ ಕಾರ್ಡಿನ ಪಿನ್ ಗೊತ್ತಿದ್ದರೆ ಉಳಿತಾಯ ಖಾತೆಯಲ್ಲಿರುವುದನ್ನು ಮೊದಲು ತೆಗೆದುಕೊಂಡು, ಆಮೇಲೆ ಬ್ಯಾಂಕಿಗೆ ತಿಳಿಸಬಹುದು. ಅನೇಕರು ಹಾಗೆಯೇ ಮಾಡುತ್ತಾರೆ.

ಬಸವನಗುಡಿಯ ನಿವೃತ್ತ ಶಾಖಾ ವ್ಯವಸ್ಥಾಪಕರು:

ರಾಜಾಜಿನಗರದವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಖಾತೆದಾರರು ತೀರಿಕೊಂಡ ಕ್ಷಣದಿಂದ ಅವರ ಕಾರ್ಡ್, ಪಿನ್, ಮೊಬೈಲ್ ಬ್ಯಾಂಕಿಂಗ್ ಬಳಸುವ ಅಧಿಕಾರ ಯಾರಿಗೂ ಇರುವುದಿಲ್ಲ. ಹೆಂಡತಿ ಮಕ್ಕಳಿಗೂ ಇಲ್ಲ. ಮರಣದ ದಿನಾಂಕದ ನಂತರ ಎಟಿಎಂನಲ್ಲಿ ತೆಗೆದ ಪ್ರತಿಯೊಂದು ಮೊತ್ತವೂ ಸ್ಟೇಟ್‌ಮೆಂಟಿನಲ್ಲಿ ಉಳಿಯುತ್ತದೆ. ಮುಂದೆ ವಾರಸುದಾರರಲ್ಲಿ ಒಬ್ಬರು ಪ್ರಶ್ನೆ ಎತ್ತಿದರೂ ಹಣ ತೆಗೆದವರು ಉತ್ತರ ಕೊಡಬೇಕಾಗುತ್ತದೆ. ಅದು ಪಿಂಚಣಿ ಖಾತೆಯಾಗಿದ್ದರೆ ಮಾತು ಇನ್ನೂ ಗಂಭೀರವಾದದ್ದು, ಏಕೆಂದರೆ ಮರಣದ ನಂತರದ ಅವಧಿಗೆ ಜಮೆಯಾದ ಪಿಂಚಣಿ ಸರ್ಕಾರಕ್ಕೆ ಹಿಂತಿರುಗಬೇಕಾದ ಹಣ.

ವಿಜಯನಗರದವರ ವಿಷಯದಲ್ಲಿ ಆ ಯೋಚನೆಯ ಅಗತ್ಯವೂ ಇಲ್ಲ. ಉಳಿತಾಯ ಖಾತೆ ‘ಇಬ್ಬರಲ್ಲಿ ಯಾರಾದರೂ ಅಥವಾ ಬದುಕಿರುವವರು’ ಎಂಬ ಷರತ್ತಿನ ಜಂಟಿ ಖಾತೆಯಾಗಿದ್ದರೆ, ಮರಣ ಪ್ರಮಾಣಪತ್ರ ಮತ್ತು ಒಂದು ಅರ್ಜಿ ಕೊಟ್ಟು ತಂದೆಯವರ ಹೆಸರನ್ನು ತೆಗೆಸಿ ಅಮ್ಮ ಅದೇ ಖಾತೆಯನ್ನು ಮುಂದುವರಿಸಬಹುದು. ಕುಟುಂಬ ಪಿಂಚಣಿಗೆ ಪಿಪಿಒ (ಪಿಂಚಣಿ ಪಾವತಿ ಆದೇಶ) ಪುಸ್ತಕ, ಮರಣ ಪ್ರಮಾಣಪತ್ರ, ಅಮ್ಮನ ಗುರುತಿನ ದಾಖಲೆ ಮತ್ತು ಫೋಟೋ ಸಿದ್ಧವಾಗಿರಲಿ. ಈ ಕೆಲಸವನ್ನು ಉಳಿದೆಲ್ಲಕ್ಕಿಂತ ಮೊದಲು ಮಾಡಿ, ಏಕೆಂದರೆ ಅಮ್ಮನ ಪ್ರತಿ ತಿಂಗಳ ಖರ್ಚು ನಡೆಯಬೇಕಾದದ್ದು ಅದರಿಂದಲೇ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಾಮಿನಿ ಇಲ್ಲದ ಒಂಬತ್ತು ಲಕ್ಷಕ್ಕೆ ಉತ್ತರಾಧಿಕಾರ ಪ್ರಮಾಣಪತ್ರ ತರಲೇಬೇಕೆಂಬ ಮಾತು ಸರಿಯಲ್ಲ. ವಾರಸುದಾರರಲ್ಲಿ ತಕರಾರು ಇಲ್ಲದಿದ್ದರೆ ಸರಳ ವಿಧಾನದಲ್ಲಿ ಹಣ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2005ರ ಜೂನ್‌ನಲ್ಲಿಯೇ ಸುತ್ತೋಲೆ ಹೊರಡಿಸಿತ್ತು. ಆದರೆ ಎಷ್ಟು ಮೊತ್ತದವರೆಗೆ ಆ ಸರಳ ವಿಧಾನ ಎಂಬುದನ್ನು ಆಯಾ ಬ್ಯಾಂಕಿಗೇ ಬಿಟ್ಟಿದ್ದರಿಂದ ಒಂದೊಂದು ಕಡೆ ಒಂದೊಂದು ಪದ್ಧತಿ ಬೆಳೆಯಿತು, ಶಾಖೆಯಿಂದ ಶಾಖೆಗೂ ಮಾತು ಬದಲಾಗುತ್ತಿತ್ತು. ಇದನ್ನು ಸರಿಪಡಿಸಲೆಂದೇ 2025ರ ಸೆಪ್ಟೆಂಬರ್ 26ರಂದು ಹೊಸ ನಿರ್ದೇಶನಗಳು ಬಂದವು. 2026ರ ಮಾರ್ಚ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅವನ್ನು ಜಾರಿಗೆ ತರಬೇಕೆಂದು ಗಡುವು ಕೊಡಲಾಗಿತ್ತು. ಅವುಗಳ ಪ್ರಕಾರ ನಾಮಿನಿಯೂ ಇಲ್ಲದೆ, ಬದುಕಿರುವ ಜಂಟಿ ಖಾತೆದಾರರೂ ಇಲ್ಲದೆ ಇರುವ ಠೇವಣಿಗಳಿಗೆ ಸರಳ ವಿಧಾನದ ಮಿತಿ ವಾಣಿಜ್ಯ ಬ್ಯಾಂಕುಗಳಲ್ಲಿ ಕನಿಷ್ಠ 15 ಲಕ್ಷ ರೂಪಾಯಿ, ಸಹಕಾರಿ ಬ್ಯಾಂಕುಗಳಲ್ಲಿ ಕನಿಷ್ಠ 5 ಲಕ್ಷ ರೂಪಾಯಿ. ಬ್ಯಾಂಕ್ ಬಯಸಿದರೆ ಇದಕ್ಕಿಂತ ಹೆಚ್ಚಿನ ಮಿತಿ ಇಟ್ಟುಕೊಳ್ಳಬಹುದು, ಕಡಿಮೆ ಮಾಡುವಂತಿಲ್ಲ.

ನಿಮ್ಮ ಒಂಬತ್ತು ಲಕ್ಷ ಈ ಮಿತಿಯ ಒಳಗಿದೆ. ಬೇಕಾಗುವುದು ಬ್ಯಾಂಕಿನ ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ, ಹಣ ಪಡೆಯುವವರ ಗುರುತು ಮತ್ತು ವಿಳಾಸದ ದಾಖಲೆ, ಮುಂದೆ ಬೇರೆಯವರು ಹಕ್ಕು ಕೇಳಿದರೆ ಬ್ಯಾಂಕಿನ ನಷ್ಟ ತುಂಬಿಕೊಡುವುದಾಗಿ ಅವರು ಬರೆದುಕೊಡುವ ಇಂಡೆಮ್ನಿಟಿ ಬಾಂಡ್, ಹಣ ಕೇಳದ ಉಳಿದ ವಾರಸುದಾರರ ನಿರಾಕ್ಷೇಪಣಾ ಪತ್ರ, ಮತ್ತು ವಾರಸುದಾರರು ಯಾರೆಂಬುದಕ್ಕೆ ಸಕ್ಷಮ ಪ್ರಾಧಿಕಾರದ ಪ್ರಮಾಣಪತ್ರ. ಈ ಕೊನೆಯದಕ್ಕೆ ಬದಲಾಗಿ, ಕುಟುಂಬವನ್ನು ಚೆನ್ನಾಗಿ ಬಲ್ಲ, ಆದರೆ ಕುಟುಂಬಕ್ಕೆ ಸಂಬಂಧಪಡದ, ಬ್ಯಾಂಕಿಗೆ ಒಪ್ಪಿಗೆಯಾಗುವ ಒಬ್ಬ ವ್ಯಕ್ತಿಯ ಘೋಷಣೆಯನ್ನೂ ಕೊಡಬಹುದು. ಈ ಮಿತಿಯೊಳಗೆ ಮೂರನೆಯವರ ಜಾಮೀನು ಕೇಳುವಂತಿಲ್ಲ. ಮಿತಿ ಮೀರಿದ ಮೊತ್ತವಾದರೆ ಜಾಮೀನು, ಉತ್ತರಾಧಿಕಾರ ಪ್ರಮಾಣಪತ್ರ ಮುಂತಾದವುಗಳ ಮಾತು ಬರುತ್ತದೆ.

ಇನ್ನೊಂದು ಸಂಗತಿ. ಎಫ್‌ಡಿಯ ಅವಧಿ ಮುಗಿದಿಲ್ಲವೆಂದು ಕಾಯಬೇಕಾಗಿಲ್ಲ. ಠೇವಣಿದಾರರು ತೀರಿಕೊಂಡಾಗ ಅವಧಿಗೆ ಮೊದಲೇ ಮುರಿಸಿದರೆ ದಂಡ ಹಾಕುವಂತಿಲ್ಲ.

ಶಾಖೆಯಲ್ಲಿ ಬಾಯಿಮಾತಿನಲ್ಲಿ ಕೇಳಿ, ಬಾಯಿಮಾತಿನ ಉತ್ತರ ಪಡೆದು ಹಿಂತಿರುಗಬೇಡಿ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೇಜಿನ ಆ ಕಡೆ ಕೂತವನಾಗಿ ಹೇಳುತ್ತೇನೆ: ಕೌಂಟರಿನಲ್ಲಿ ಇರುವವರು ವರ್ಗವಾಗಿ ಬಂದ ಹೊಸಬರಾಗಿರಬಹುದು, ಮರಣದ ಕ್ಲೇಮನ್ನು ಅದುವರೆಗೆ ನೋಡಿಯೇ ಇರದವರಾಗಿರಬಹುದು, ಹೊಣೆಗೆ ಹೆದರಿ, ಎಲ್ಲಕ್ಕಿಂತ ದೊಡ್ಡ ದಾಖಲೆ ಯಾವುದೋ ಅದನ್ನೇ ಕೇಳುತ್ತಾರೆ. ಕ್ಲೇಮ್ ಅರ್ಜಿ ನಮೂನೆಗಳು ಶಾಖೆಯಲ್ಲೂ ಬ್ಯಾಂಕಿನ ಜಾಲತಾಣದಲ್ಲೂ ಸಿಗಬೇಕು. ಅರ್ಜಿಯನ್ನು ತುಂಬಿ, ಲಗತ್ತಿಸಿದ ದಾಖಲೆಗಳ ಪಟ್ಟಿ ಬರೆದು, ನಕಲಿನ ಮೇಲೆ ಮೊಹರು ಮತ್ತು ದಿನಾಂಕದ ಸಹಿತ ಸ್ವೀಕೃತಿ ಪಡೆಯಿರಿ. ಎಲ್ಲ ದಾಖಲೆಗಳೂ ತಲುಪಿದ ದಿನದಿಂದ 15 ದಿನಗಳೊಳಗೆ ಇತ್ಯರ್ಥ ಮಾಡಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ, ತಡವಾದ ಅವಧಿಗೆ ರಿಸರ್ವ್ ಬ್ಯಾಂಕ್ ನಿಗದಿಪಡಿಸುವ ‘ಬ್ಯಾಂಕ್ ದರ’ಕ್ಕಿಂತ ವಾರ್ಷಿಕ ಶೇ. 4ರಷ್ಟು ಹೆಚ್ಚಿನ ಬಡ್ಡಿಯನ್ನು ಪರಿಹಾರವಾಗಿ ಕೊಡಬೇಕು. ಸ್ವೀಕೃತಿಯೇ ಇಲ್ಲದಿದ್ದರೆ ಆ 15 ದಿನಗಳನ್ನು ಎಲ್ಲಿಂದ ಎಣಿಸುವುದು?

ಮಲ್ಲೇಶ್ವರದ ಓದುಗರು:

ಹಿರಿಯರು ಹೇಳಿದ್ದಕ್ಕೆ ಪೂರಕವಾಗಿ ಒಂದು ಮಾತು ಸೇರಿಸುತ್ತೇನೆ. ಎರಡು ವರ್ಷಗಳ ಹಿಂದೆ ನನ್ನ ತಮ್ಮ ತೀರಿಕೊಂಡಾಗ ಇದೆಲ್ಲವನ್ನೂ ನಾನೇ ಓಡಾಡಿ ಮಾಡಿಸಿದೆ. ನಿಯಮಗಳಿಗಿಂತ ಹೆಚ್ಚು ಕಾಡಿದ್ದು ಹೆಸರು. ನಮ್ಮ ಕಡೆ ಹೆಸರಿನ ಹಿಂದೆ ಊರಿನ ಒಂದು ಅಕ್ಷರ, ತಂದೆಯ ಹೆಸರಿನ ಒಂದು ಅಕ್ಷರ ಇಟ್ಟುಕೊಳ್ಳುವುದು ವಾಡಿಕೆ. ಅದೇ ಹೆಸರು ಪಾಸ್‌ಬುಕ್ಕಿನಲ್ಲಿ ಇನಿಷಿಯಲ್ ಜೊತೆ, ಆಧಾರಿನಲ್ಲಿ ಇನಿಷಿಯಲ್ ಇಲ್ಲದೆ, ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಬರೆದು ಇರುತ್ತದೆ. ಹೆಂಗಸರ ವಿಷಯದಲ್ಲಂತೂ ತವರಿನಲ್ಲಿ ಒಂದು ಹೆಸರು, ಮದುವೆಯ ನಂತರ ಇನ್ನೊಂದು, ಪಡಿತರ ಚೀಟಿಯಲ್ಲಿ ಮನೆಯಲ್ಲಿ ಕರೆಯುವ ಮತ್ತೊಂದು. ಇಷ್ಟರ ಮೇಲೆ ಆಸ್ಪತ್ರೆಯಲ್ಲಿ ವಿವರ ಬರೆಸಲು ಹೋದವರು ಮನೆಯವರೇ ಆಗಿರುವುದಿಲ್ಲ, ದುಃಖದ ಹೊತ್ತಿನಲ್ಲಿ ನೆರೆಯವರೋ ದೂರದ ನೆಂಟರೋ ಹೋಗಿ ಬಾಯಿಗೆ ಬಂದ ಹೆಸರು ಬರೆಸಿರುತ್ತಾರೆ, ಆಸ್ಪತ್ರೆ ಕಳುಹಿಸಿದ ಆ ವಿವರವೇ ಮರಣ ಪ್ರಮಾಣಪತ್ರಕ್ಕೆ ಇಳಿಯುತ್ತದೆ.

ಆದ್ದರಿಂದ ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಆಧಾರ್ ಮತ್ತು ಪಾಸ್‌ಬುಕ್ಕಿನೊಂದಿಗೆ ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ. ತಪ್ಪಿದ್ದರೆ ನೋಂದಣಾಧಿಕಾರಿಯ ಬಳಿ ಆಗಲೇ ತಿದ್ದುಪಡಿಗೆ ಅರ್ಜಿ ಕೊಡಿ, ಜನನ ಮರಣ ನೋಂದಣಿ ಕಾಯ್ದೆಯಲ್ಲಿ ತಿದ್ದುಪಡಿಗೆ ಅವಕಾಶವಿದೆ. ಬೆಂಗಳೂರಿನಲ್ಲಿ ಬಿಬಿಎಂಪಿಯ ಜಾಗದಲ್ಲಿ 2025ರ ಸೆಪ್ಟೆಂಬರ್‌ನಿಂದ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ನಿಮ್ಮ ನೋಂದಣಿ ಘಟಕ ಈಗ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೋಗಿ. ಮರಣವು ಮನೆಯಲ್ಲೇ ಸಂಭವಿಸಿದ್ದರೆ 21 ದಿನಗಳೊಳಗೆ ನೋಂದಣಿ ಮಾಡಿಸುವುದು ಮನೆಯವರ ಹೊಣೆ. ಆಮೇಲೆ ತಡಮಾಡಿದಷ್ಟೂ ಶುಲ್ಕ, ಅನುಮತಿ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಎಂದು ದಾರಿ ಉದ್ದವಾಗುತ್ತ ಹೋಗುತ್ತದೆ. ತಿದ್ದುಪಡಿ ಸಾಧ್ಯವಾಗದ ಸಣ್ಣ ವ್ಯತ್ಯಾಸಗಳಿಗೆ, ಎರಡು ಹೆಸರೂ ಒಬ್ಬರದೇ ಎಂದು ನೋಟರಿಯ ಮುಂದೆ ಮಾಡಿದ ಅಫಿಡವಿಟ್ಟನ್ನು ಬ್ಯಾಂಕುಗಳು ಸಾಮಾನ್ಯವಾಗಿ ಒಪ್ಪುತ್ತವೆ. ಮೂಲ ಪ್ರತಿಗಳನ್ನು ಸ್ವಲ್ಪ ಹೆಚ್ಚಾಗಿಯೇ ತೆಗೆಸಿಟ್ಟುಕೊಳ್ಳಿ, ಏಕಕಾಲಕ್ಕೆ ನಾಲ್ಕು ಕಡೆ ತೋರಿಸಬೇಕಾಗುತ್ತದೆ.

ಪಾಸ್‌ಬುಕ್ಕನ್ನು ಎಂಟ್ರಿ ಮಾಡಿಸಿ ಒಂದೊಂದು ಸಾಲನ್ನೂ ಓದಿ ಎಂಬುದು ನನ್ನ ಇನ್ನೊಂದು ವಿನಂತಿ. ನನ್ನ ತಮ್ಮನ ಖಾತೆಯಲ್ಲಿ ಮೇ ತಿಂಗಳಿನಲ್ಲಿ 436 ರೂಪಾಯಿ ಕಡಿತವಾಗಿದ್ದು ಕಣ್ಣಿಗೆ ಬಿತ್ತು. ಅದು ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯ ವಾರ್ಷಿಕ ಕಂತು. ಯಾವುದೇ ಕಾರಣದಿಂದ ಮರಣ ಸಂಭವಿಸಿದರೂ 2 ಲಕ್ಷ ರೂಪಾಯಿ ಬರುತ್ತದೆ, ವಿಮೆ 55ರ ವಯಸ್ಸಿನವರೆಗೆ ಇರುತ್ತದೆ. 20 ರೂಪಾಯಿ ಕಡಿತವಾಗಿದ್ದರೆ ಅದು ಸುರಕ್ಷಾ ಬಿಮಾ ಯೋಜನೆಯದು, 70ರ ವಯಸ್ಸಿನವರೆಗೆ ಅಪಘಾತದ ಮರಣಕ್ಕೆ 2 ಲಕ್ಷ. ಎರಡಕ್ಕೂ ಕ್ಲೇಮ್ ಅರ್ಜಿ ಕೊಡಬೇಕಾದದ್ದು ಅದೇ ಬ್ಯಾಂಕ್ ಶಾಖೆಯಲ್ಲಿ. ವಿಜಯನಗರದವರ ತಂದೆಯವರಿಗೆ ವಯಸ್ಸಿನ ಕಾರಣದಿಂದ ಇದು ಅನ್ವಯವಾಗಲಿಕ್ಕಿಲ್ಲ, ಆದರೆ ಇದನ್ನು ಓದುತ್ತಿರುವ ಬೇರೆಯವರಿಗೆ ಬೇಕಾಗಬಹುದು. ಚಿಕ್ಕ ವಯಸ್ಸಿನ ಮಕ್ಕಳನ್ನು ಬಿಟ್ಟು ಹೋದವರ ಮನೆಗೆ ಆ ಎರಡು ಲಕ್ಷ ಎಷ್ಟು ದೊಡ್ಡದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಕೇಳದಿದ್ದರೆ ಯಾರೂ ತಾವಾಗಿ ಬಂದು ಕೊಡುವುದಿಲ್ಲ.

ವಿಜಯನಗರದ ಓದುಗರು:

ಇಬ್ಬರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಒಂದು ಸಂದೇಹ ಉಳಿದಿದೆ. ಸಹಕಾರಿ ಬ್ಯಾಂಕಿನ ಠೇವಣಿ ಎಂಟು ಲಕ್ಷದಷ್ಟಿದೆ. ಅಲ್ಲಿ ಮಿತಿ 5 ಲಕ್ಷ ಎಂದಾದರೆ ಅಮ್ಮ ನಾಮಿನಿಯಾಗಿದ್ದರೂ ತೊಂದರೆಯೇ? ಮತ್ತು ನಾಮಿನಿ ಆದ ಮಾತ್ರಕ್ಕೆ ಆ ಹಣ ಪೂರ್ತಿ ಅಮ್ಮನದೇ ಆಗುತ್ತದೆಯೇ? ಅಕ್ಕನಿಗೆ ಮದುವೆಯಾಗಿರುವುದರಿಂದ ಆಕೆಯ ಸಹಿ ಬೇಕಿಲ್ಲವೆಂದು ಒಬ್ಬ ನೆಂಟರು ಹೇಳಿದರು.

ಗಾಂಧಿನಗರದ ವಕೀಲರು:

ಮೊದಲನೆಯದಕ್ಕೆ ಚಿಕ್ಕ ಉತ್ತರ: ಆ ಮಿತಿ ಇರುವುದು ನಾಮಿನಿ ಇಲ್ಲದ ಖಾತೆಗಳಿಗೆ. ನಾಮಿನಿ ಇದ್ದರೆ ಮೊತ್ತ ಎಷ್ಟೇ ಇರಲಿ, ಕ್ಲೇಮ್ ಅರ್ಜಿ, ಮರಣ ಪ್ರಮಾಣಪತ್ರ ಮತ್ತು ನಾಮಿನಿಯ ಗುರುತಿನ ದಾಖಲೆ ಸಾಕು. ಉತ್ತರಾಧಿಕಾರ ಪ್ರಮಾಣಪತ್ರವನ್ನಾಗಲಿ, ಬಾಂಡನ್ನಾಗಲಿ, ಜಾಮೀನನ್ನಾಗಲಿ ಕೇಳುವಂತಿಲ್ಲ.

ಎರಡನೆಯ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 45ಝಡ್‌ಎ ಕಲಮಿನ ಪ್ರಕಾರ ನಾಮಿನಿಗೆ ಹಣ ಕೊಟ್ಟರೆ ಬ್ಯಾಂಕಿನ ಹೊಣೆ ತೀರುತ್ತದೆ. ಆದರೆ ನಾಮಿನಿ ಆ ಹಣದ ಮಾಲೀಕರಾಗುವುದಿಲ್ಲ, ವಾರಸುದಾರರೆಲ್ಲರ ಪರವಾಗಿ ಹಣವನ್ನು ಕೈಗೆ ತೆಗೆದುಕೊಳ್ಳುವವರು ಮಾತ್ರ. ಸರ್ವೋಚ್ಚ ನ್ಯಾಯಾಲಯ ಇದನ್ನು ವಿಮೆಯ ವಿಷಯದಲ್ಲಿ 1983ರಲ್ಲಿ, ಬ್ಯಾಂಕ್ ಠೇವಣಿಯ ವಿಷಯದಲ್ಲಿ 2010ರಲ್ಲಿ, ಷೇರುಗಳ ವಿಷಯದಲ್ಲಿ 2023ರ ಡಿಸೆಂಬರ್‌ನಲ್ಲಿ ಸ್ಪಷ್ಟವಾಗಿ ಹೇಳಿದೆ. ತಂದೆಯವರು ವಿಲ್ ಬರೆದಿದ್ದರೆ ವಿಲ್‌ನ ಪ್ರಕಾರ, ಇಲ್ಲದಿದ್ದರೆ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹಂಚಿಕೆ.

ನೀವು ಹಿಂದೂ ಉತ್ತರಾಧಿಕಾರ ಕಾಯ್ದೆ, 1956ಕ್ಕೆ ಒಳಪಟ್ಟವರು ಎಂದುಕೊಂಡು ಹೇಳುತ್ತೇನೆ. ವಿಲ್ ಇಲ್ಲದೆ ತೀರಿಕೊಂಡ ಗಂಡಸಿನ ಸ್ವಂತ ಗಳಿಕೆ ಮೊದಲನೇ ವರ್ಗದ ವಾರಸುದಾರರಿಗೆ ಹೋಗುತ್ತದೆ: ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿ. ಮಗಳಿಗೆ ಮದುವೆಯಾಗಿದೆಯೇ ಇಲ್ಲವೇ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ನಿಮ್ಮ ನೆಂಟರ ಮಾತನ್ನು ದಯವಿಟ್ಟು ಕೈಬಿಡಿ. ಅಕ್ಕನ ಹೆಸರನ್ನು ಬಿಟ್ಟು ಬ್ಯಾಂಕಿಗೆ ಘೋಷಣೆ ಕೊಡುವುದು ಸುಳ್ಳು ಘೋಷಣೆಯಾಗುತ್ತದೆ. ಇನ್ನು, ನಮ್ಮ ಮನೆಗಳಲ್ಲಿ ಎಲ್ಲರೂ ಮರೆಯುವ ವಾರಸುದಾರರೆಂದರೆ ತೀರಿಕೊಂಡವರ ತಾಯಿ. ತಂದೆ ಬದುಕಿದ್ದರೆ ಅವರು ಮೊದಲನೇ ವರ್ಗದಲ್ಲಿ ಬರುವುದಿಲ್ಲ, ಆದರೆ ತಾಯಿ ಬರುತ್ತಾರೆ. ನಿಮ್ಮ ಲೆಕ್ಕದಲ್ಲಿ ಅಮ್ಮ, ಅಣ್ಣ, ನೀವು, ಅಕ್ಕ ಮತ್ತು ಅಜ್ಜಿ, ಹೀಗೆ ಐದು ಸಮಪಾಲು. ವಂಶವೃಕ್ಷದಲ್ಲಿ ಅಜ್ಜಿಯ ಹೆಸರು ಇರಲೇಬೇಕು, ನಿರಾಕ್ಷೇಪಣಾ ಪತ್ರದಲ್ಲಿ ಅವರ ಸಹಿ ಅಥವಾ ಸಾಕ್ಷಿಗಳ ಮುಂದೆ ಹಾಕಿದ ಹೆಬ್ಬೆಟ್ಟಿನ ಗುರುತು ಬೇಕು.

ಕಾನೂನಿನ ಮಾತಿನ ಜೊತೆಗೆ ಇದನ್ನೂ ಹೇಳಲೇಬೇಕು ಅನ್ನಿಸುತ್ತದೆ. ಅಜ್ಜಿಯ ಹತ್ತಿರ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು, ಇದು ಮಗ ಬಿಟ್ಟುಹೋದ ಹಣ, ಇದರಲ್ಲಿ ನಿಮಗೂ ಐದರಲ್ಲಿ ಒಂದು ಪಾಲಿದೆ ಎಂದು ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿ. ಬೇಡವೆಂದರೆ ಅದು ಅವರ ಇಚ್ಛೆ. ಬೇಕೆಂದರೆ ಅವರ ಖಾತೆಗೇ ಹಾಕಿ. ಮಗನನ್ನು ಕಳೆದುಕೊಂಡ ಆ ವಯಸ್ಸಿನ ಹೆಂಗಸಿಗೆ ಔಷಧದ ಖರ್ಚಿಗಾದರೂ ಸ್ವಂತದ ಹಣ ಇರುವುದು ಬೇರೆಯೇ ಮಾತು.

ಒಂದು ವೇಳೆ ವಾರಸುದಾರರಲ್ಲಿ ಒಬ್ಬರು ತಕರಾರು ಮಾಡಿದರೆ ಸರಳ ವಿಧಾನ ಮುಗಿಯಿತು. ಆಗ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಅಡಿಯಲ್ಲಿ, ತೀರಿಕೊಂಡವರು ವಾಸವಿದ್ದ ಜಾಗದ ನ್ಯಾಯಾಲಯಕ್ಕೆ, ಅಂದರೆ ಬೆಂಗಳೂರು ನಗರದವರಾದರೆ ಸಿಟಿ ಸಿವಿಲ್ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಪತ್ರಿಕಾ ಪ್ರಕಟಣೆ, ಸಾಕ್ಷಿ, ಮೊತ್ತಕ್ಕೆ ತಕ್ಕ ನ್ಯಾಯಾಲಯ ಶುಲ್ಕ ಎಲ್ಲವೂ ಇರುತ್ತದೆ, ತಿಂಗಳುಗಟ್ಟಲೆ ಸಮಯ ಹಿಡಿಯುತ್ತದೆ. ಇದರಿಂದ ಫೀಸು ಪಡೆಯುವ ವೃತ್ತಿಯವನಾಗಿದ್ದೂ ಹೇಳುತ್ತೇನೆ, ಒಮ್ಮತವಿರುವ ಕುಟುಂಬ 15 ಲಕ್ಷದೊಳಗಿನ ಠೇವಣಿಗಾಗಿ ಅಲ್ಲಿಗೆ ಬರುವ ಅಗತ್ಯವಿಲ್ಲ.

ಯಲಹಂಕದ ಓದುಗರು:

ವಾರಸುದಾರರ ದಾಖಲೆಯ ಬಗ್ಗೆ: ನಾಡಕಚೇರಿಯಲ್ಲಿ ವಂಶವೃಕ್ಷ ದೃಢೀಕರಣಕ್ಕೂ, ಬದುಕಿರುವ ಕುಟುಂಬ ಸದಸ್ಯರ ದೃಢೀಕರಣಕ್ಕೂ ಅರ್ಜಿ ಹಾಕಬಹುದು. ಕಂದಾಯ ಇಲಾಖೆಯವರು ಸ್ಥಳದಲ್ಲಿ ವಿಚಾರಣೆ ಮಾಡುತ್ತಾರೆ. ಎರಡರಲ್ಲಿ ಯಾವುದನ್ನು ಒಪ್ಪುತ್ತೀರೆಂದು ಬ್ಯಾಂಕನ್ನು ಮೊದಲೇ ಕೇಳಿಕೊಂಡರೆ ಒಂದು ಓಡಾಟ ಉಳಿಯುತ್ತದೆ.

ಅಣ್ಣನವರ ವಿಷಯ. ಕೆನಡಾದಲ್ಲಿರುವವರು ನಿರಾಕ್ಷೇಪಣಾ ಪತ್ರವನ್ನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಅಂಚೆಯಲ್ಲಿ ಕಳುಹಿಸಬಹುದು, ಖುದ್ದಾಗಿ ಬರಬೇಕಾಗಿಲ್ಲ. ಬ್ಯಾಂಕಿನ ನಮೂನೆಯನ್ನೇ ಅವರಿಗೆ ಕಳುಹಿಸಿ. ಸ್ವಂತ ಒಕ್ಕಣೆಯಲ್ಲಿ ಬರೆದರೆ ಮತ್ತೆ ಬರೆಸಬೇಕಾಗಬಹುದು. ಅವರು ತಮ್ಮ ಪಾಲನ್ನು ಪಡೆಯುವುದಾದರೆ ಅದು ಅವರ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದಲ್ಲಿ ಬರುವ ಹಣಕ್ಕಾಗಿ ಇಟ್ಟುಕೊಳ್ಳುವ ಖಾತೆ) ಹೋಗಬೇಕು. ಅಲ್ಲಿಂದ ವಿದೇಶಕ್ಕೆ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ, ತೆರಿಗೆಯ ದಾಖಲೆಗಳೊಂದಿಗೆ ಕಳುಹಿಸಲು ಅವಕಾಶವಿದೆ.

ಬಸವನಗುಡಿಯ ನಿವೃತ್ತ ಶಾಖಾ ವ್ಯವಸ್ಥಾಪಕರು:

ಹಳೆಯ ಪಾಸ್‌ಬುಕ್ಕಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಮತ್ತೆ ಬರೆಯುತ್ತಿದ್ದೇನೆ. ಬೆಂಗಳೂರಿನ ಹಳೆಯ ಮನೆಗಳ ಬೀರುಗಳಲ್ಲಿ ಇಂತಹ ಪಾಸ್‌ಬುಕ್ಕುಗಳು ಬಹಳ ಇವೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಐಎನ್‌ಜಿ ವೈಶ್ಯ ಅದಕ್ಕೂ ಮೊದಲೇ, 2015ರಲ್ಲಿ, ಕೋಟಕ್ ಮಹೀಂದ್ರಾಕ್ಕೆ ಸೇರಿತ್ತು. ಬ್ಯಾಂಕಿನ ಹೆಸರು ಅಳಿಸಿಹೋದರೂ ಠೇವಣಿಯ ಹೊಣೆ ಸೇರಿಸಿಕೊಂಡ ಬ್ಯಾಂಕಿನ ಮೇಲೆ ಇದ್ದೇ ಇರುತ್ತದೆ. ಆದ್ದರಿಂದ ನೀವು ಹೋಗಬೇಕಾದದ್ದು ಎಸ್‌ಬಿಐಗೆ.

ಎರಡು ವರ್ಷಕ್ಕಿಂತ ಹೆಚ್ಚು ಕಾಲ ವಹಿವಾಟು ಇಲ್ಲದ ಖಾತೆ ನಿಷ್ಕ್ರಿಯವಾಗುತ್ತದೆ. ಹತ್ತು ವರ್ಷವಾದರೆ ಅದರಲ್ಲಿರುವ ಹಣವನ್ನು ಬ್ಯಾಂಕ್, ರಿಸರ್ವ್ ಬ್ಯಾಂಕ್ 2014ರಲ್ಲಿ ಸ್ಥಾಪಿಸಿದ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ವರ್ಗಾಯಿಸುತ್ತದೆ. ಹಾಗೆ ಹೋದ ಹಣ ಕೈತಪ್ಪಿಹೋಯಿತೆಂದು ತಿಳಿಯಬೇಡಿ. ವಾರಸುದಾರರು ಯಾವಾಗ ಬಂದು ಕೇಳಿದರೂ ಬ್ಯಾಂಕ್ ಕೊಡಬೇಕು, ಕೊಟ್ಟ ಮೇಲೆ ನಿಧಿಯಿಂದ ತಾನು ವಾಪಸು ಪಡೆದುಕೊಳ್ಳುತ್ತದೆ. ತಂದೆಯವರು ಎಲ್ಲೆಲ್ಲಿ ಖಾತೆ ಇಟ್ಟಿದ್ದರೆಂದು ನಿಮಗೆ ಖಚಿತವಿಲ್ಲದಿದ್ದರೆ, 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಆರಂಭಿಸಿದ ಉದ್ಗಮ್ ಜಾಲತಾಣದಲ್ಲಿ ಅವರ ಹೆಸರು, ಪ್ಯಾನ್ ಅಥವಾ ಹುಟ್ಟಿದ ದಿನಾಂಕ ಕೊಟ್ಟು ಹಲವು ಬ್ಯಾಂಕುಗಳಲ್ಲಿ ಒಟ್ಟಿಗೆ ಹುಡುಕಬಹುದು. ಹೆಸರಿನ ಎಲ್ಲ ರೂಪಗಳನ್ನೂ ಹಾಕಿ ನೋಡಿ. ಮಲ್ಲೇಶ್ವರದ ಸಹೋದರಿಯವರು ಹೇಳಿದ ಇನಿಷಿಯಲ್ ತೊಡಕು ಅಲ್ಲಿಯೂ ಇದೆ.

ಲಾಕರಿಗೆ ಬಂದರೆ, ನಾಮಿನಿ ಅಥವಾ ಬದುಕಿರುವ ಜಂಟಿ ಬಾಡಿಗೆದಾರರು ಇದ್ದರೆ ಸುಲಭ. ಇಲ್ಲದಿದ್ದರೆ ಇಲ್ಲಿಯೂ ವಾರಸುದಾರರ ಒಪ್ಪಿಗೆ ಬೇಕು. ಎರಡೂ ಸಂದರ್ಭದಲ್ಲಿ ಸಾಕ್ಷಿಗಳ ಮುಂದೆ ತೆರೆದು, ಒಳಗಿರುವುದರ ಪಟ್ಟಿ ಮಾಡಿ, ಎಲ್ಲರ ಸಹಿ ಪಡೆದ ಮೇಲೆಯೇ ವಸ್ತುಗಳನ್ನು ಕೊಡುವುದು. ಆ ದಿನ ಅಕ್ಕನನ್ನೂ ಕರೆದುಕೊಂಡು ಹೋಗಿ. ಹಣದ ವಿಷಯದಲ್ಲಿ ಬಾರದ ಮನಸ್ತಾಪ ಒಡವೆಯ ವಿಷಯದಲ್ಲಿ ಬರುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಲಾಕರಿನ ಇತ್ಯರ್ಥದಲ್ಲಿ ಬ್ಯಾಂಕಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರವೆಂದು ಹೊಸ ನಿರ್ದೇಶನಗಳಲ್ಲಿದೆ.

ಹನುಮಂತನಗರದ ಓದುಗರು:

ಸೌಹಾರ್ದ ಸಹಕಾರಿಯ ರಸೀದಿಯ ಬಗ್ಗೆ ಎಚ್ಚರಿಕೆಯ ಮಾತು. ಇಲ್ಲಿಯವರೆಗೆ ಹೇಳಿದ 15 ದಿನ, 5 ಲಕ್ಷ, ಪರಿಹಾರದ ಬಡ್ಡಿ ಯಾವುದೂ ಅದಕ್ಕೆ ಅನ್ವಯಿಸುವುದಿಲ್ಲ. ಪಟ್ಟಣ ಸಹಕಾರಿ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದವು, ಅಲ್ಲಿನ ಠೇವಣಿಗೆ ಪ್ರತಿ ಠೇವಣಿದಾರರಿಗೆ 5 ಲಕ್ಷದವರೆಗೆ ವಿಮೆಯೂ ಇದೆ. ಕರ್ನಾಟಕ ಸೌಹಾರ್ದ ಸಹಕಾರಿ ಕಾಯ್ದೆ, 1997ರ ಅಡಿಯಲ್ಲಿ ನೋಂದಾಯಿತವಾದ ಪತ್ತಿನ ಸಹಕಾರಿಗಳು ಬ್ಯಾಂಕುಗಳಲ್ಲ. ಅವುಗಳ ಠೇವಣಿಗೆ ಆ ವಿಮೆ ಇಲ್ಲ, ದೂರು ಒಯ್ಯಬೇಕಾದದ್ದು ರಿಸರ್ವ್ ಬ್ಯಾಂಕಿಗಲ್ಲ, ಸಹಕಾರ ಇಲಾಖೆಗೆ. ಸಂಸ್ಥೆಯ ಬೈಲಾ ಪ್ರಕಾರ ನಾಮಿನಿ ದಾಖಲಾಗಿದ್ದಾರೆಯೇ ಎಂದು ಕೇಳಿ. ತಂದೆಯವರು ಅಲ್ಲಿ ಸದಸ್ಯರಾಗಿದ್ದರೆ ಷೇರು ಹಣವೂ ಇರುತ್ತದೆ, ಅದನ್ನೂ ಕೇಳಲು ಮರೆಯಬೇಡಿ. ಹೆಚ್ಚಿನ ಬಡ್ಡಿಯ ಆಸೆಗೆ ಅದೇ ಠೇವಣಿಯನ್ನು ಅಮ್ಮನ ಹೆಸರಿನಲ್ಲಿ ಮುಂದುವರಿಸಲು ಒತ್ತಾಯ ಬರಬಹುದು. ನನ್ನ ಅಭಿಪ್ರಾಯದಲ್ಲಿ ಒಪ್ಪಬೇಡಿ.

ವಿಜಯನಗರದ ಓದುಗರು:

ಎಲ್ಲರ ಮಾರ್ಗದರ್ಶನದಂತೆ ನಡೆದುಕೊಂಡ ಮೇಲೆ ಈಗಿನ ಸ್ಥಿತಿಯನ್ನು ತಿಳಿಸುತ್ತಿದ್ದೇನೆ. ಜಂಟಿ ಖಾತೆಯಲ್ಲಿ ತಂದೆಯವರ ಹೆಸರು ತೆಗೆದು ಅಮ್ಮನ ಹೆಸರಿನಲ್ಲಿ ಮುಂದುವರಿದಿದೆ, ಕುಟುಂಬ ಪಿಂಚಣಿಯ ಅರ್ಜಿ ಹೋಗಿದೆ. ಸಹಕಾರಿ ಬ್ಯಾಂಕಿನವರು ನಾಮಿನಿಯಾದ ಅಮ್ಮನ ಖಾತೆಗೆ ಹಣ ಜಮೆ ಮಾಡಿದ್ದಾರೆ. ಊರಿಗೆ ಹೋಗಿ ಅಜ್ಜಿಗೆ ಎಲ್ಲವನ್ನೂ ವಿವರಿಸಿದೆವು. ತನಗೆ ಏನೂ ಬೇಡವೆಂದು ಮೊದಲು ಹೇಳಿದರು. ಅಮ್ಮ ಒಪ್ಪಲಿಲ್ಲ, ಅವರ ಪಾಲನ್ನು ಅವರ ಹೆಸರಿನಲ್ಲಿಯೇ ಠೇವಣಿ ಇಡುವುದೆಂದು ತೀರ್ಮಾನವಾಗಿದೆ. ಅಣ್ಣನ ಪತ್ರ ಬಂದಿದೆ. ಎಫ್‌ಡಿ ಇರುವ ಶಾಖೆಯಲ್ಲಿ ಅರ್ಜಿಯನ್ನು ದಾಖಲೆಗಳ ಪಟ್ಟಿಯೊಂದಿಗೆ ಲಿಖಿತವಾಗಿ ಕೊಟ್ಟಾಗ, ಉತ್ತರಾಧಿಕಾರ ಪ್ರಮಾಣಪತ್ರದ ಮಾತು ಮತ್ತೆ ಬಂದರೂ, ಹಾಗಿದ್ದರೆ ಅದನ್ನೇ ಬರೆದುಕೊಡಿ ಎಂದು ವಿನಯದಿಂದ ಕೇಳಿದ ಮೇಲೆ ಅರ್ಜಿ ಸ್ವೀಕರಿಸಿ ಮೊಹರು ಹಾಕಿಕೊಟ್ಟರು.

ಇನ್ನೆರಡು ಪ್ರಶ್ನೆಗಳು. ಅವರ ಪ್ಯಾನ್ ಕಾರ್ಡನ್ನು ಈಗಲೇ ರದ್ದು ಮಾಡಿಸಬೇಕೇ? 15 ದಿನ ಕಳೆದರೂ ಹಣ ಬಾರದಿದ್ದರೆ ಮುಂದೇನು?

ಮಲ್ಲೇಶ್ವರದ ಓದುಗರು:

ಪ್ಯಾನ್ ಈಗ ಬೇಡ. ತೀರಿಕೊಂಡ ದಿನದವರೆಗಿನ ಆದಾಯಕ್ಕೆ ವಾರಸುದಾರರೊಬ್ಬರು ಆದಾಯ ತೆರಿಗೆಯ ಜಾಲತಾಣದಲ್ಲಿ ಪ್ರತಿನಿಧಿಯಾಗಿ ನೋಂದಾಯಿಸಿಕೊಂಡು ರಿಟರ್ನ್ ಸಲ್ಲಿಸಬೇಕಾಗುತ್ತದೆ. ಎಫ್‌ಡಿ ಬಡ್ಡಿಯಿಂದ ಟಿಡಿಎಸ್ ಕಡಿತವಾಗಿದ್ದರೆ ಅದನ್ನು ವಾಪಸು ಪಡೆಯುವ ದಾರಿಯೂ ಅದೇ. ಖಾತೆಗಳೆಲ್ಲ ಮುಗಿದು, ಬರಬೇಕಾದ ಹಣವೂ ಬಂದ ಮೇಲೆ ಪ್ಯಾನ್ ಒಪ್ಪಿಸಿದರೆ ಸಾಕು. ಅಂದಹಾಗೆ, ಅಮ್ಮನ ಖಾತೆಗೆ ನಾಮಿನಿ ಹಾಕಿಸಿದಿರಾ? 2025ರ ನವೆಂಬರ್ 1ರಿಂದ ಒಂದು ಠೇವಣಿ ಖಾತೆಗೆ ನಾಲ್ವರವರೆಗೆ, ಯಾರಿಗೆ ಶೇಕಡಾ ಎಷ್ಟು ಎಂದು ಹೇಳಿಯೇ ನಾಮಿನಿ ಮಾಡಬಹುದು. ಮೂವರು ಮಕ್ಕಳ ಹೆಸರನ್ನೂ ಕೊಡಿ.

ಬಸವನಗುಡಿಯ ನಿವೃತ್ತ ಶಾಖಾ ವ್ಯವಸ್ಥಾಪಕರು:

15 ದಿನ ಕಳೆದ ಮರುದಿನವೇ ಸ್ವೀಕೃತಿಯ ನಕಲಿನೊಂದಿಗೆ ಬ್ಯಾಂಕಿನ ಕುಂದುಕೊರತೆ ವಿಭಾಗಕ್ಕೆ ಲಿಖಿತ ದೂರು ಕೊಡಿ, ಅದರಲ್ಲಿ ತಡವಾದ ದಿನಗಳ ಪರಿಹಾರದ ಬಡ್ಡಿಯನ್ನೂ ಕೇಳಿ. ಅಲ್ಲಿಂದ 30 ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಬ್ಯಾಂಕುಗಳ ಮೇಲಿನ ದೂರುಗಳನ್ನು ಇತ್ಯರ್ಥಪಡಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಬಹುದು. ನೃಪತುಂಗ ರಸ್ತೆಯ ಕಚೇರಿಗೆ ಅಲೆಯಬೇಕಾಗಿಲ್ಲ, ದೂರನ್ನು ಜಾಲತಾಣದಲ್ಲಿಯೇ ದಾಖಲಿಸಬಹುದು; ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಬಹುದು. ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರವಾಗಿ ಅಲ್ಲಿಗೆ ಹೋದರೆ ಮಾತ್ರ ದೂರು ನಿಲ್ಲುವುದಿಲ್ಲ, ಆದ್ದರಿಂದ ಈ ಕ್ರಮ ತಪ್ಪಬಾರದು. ಬ್ಯಾಂಕಿಗೆ ಬರೆಯಬೇಕಾದ ಪತ್ರದ ಕರಡು ಬೇಕಾದರೆ ಹೇಳಿ, ಕನ್ನಡದಲ್ಲಿಯೇ ಬರೆದು ಇಲ್ಲಿ ಹಾಕುತ್ತೇನೆ.